ಬಾಬಾಸಾಹೇಬನ ಕಲ್ಲು

ಅಮೋಲ ಎಡಗೈಯಿಂದ ಅಜ್ಜನ ಹೆಗಲನ್ನು ಗೋಡೆಗೆ ಒತ್ತಿ ಹಿಡಿದು, ಬಲಗೈಯಿಂದ ಕ್ಯಾಲೆಂಡರ್ ತೆಗೆದು ಕೆಳಗಿಟ್ಟ. ಇಡೀ ಮನೆಯಲ್ಲಿ ಭಾರ ತಡೆಯುವ ಮೊಳೆ ಅದೊಂದೇ. ಅದಕ್ಕೆ ಬಿಳಿ ಪಂಚೆಯ ಒಂದು ತುದಿ ಬಿಗಿದು, ಇನ್ನೊಂದನ್ನು ಬಾಬಾಸಾಹೇಬನ ಗದ್ದದಡಿ ತಂದು ಕಟ್ಟಿದಾಗ ತಲೆ ನೆಟ್ಟಗೆ ನಿಂತಿತು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂಡ್ರಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣಿಗಿಡುತ್ತಾರೆ. ಬಾಬಾಸಾಹೇಬ ಇಷ್ಟು ನೆಟ್ಟಗೆ ಕೂತದ್ದನ್ನು ವಸಾಹತಿನವರು ಅವನು ಬದುಕಿದ್ದಾಗ ಕಂಡಿರಲಿಲ್ಲ. ನಡೆದರೂ ಕೂತರೂ ಏನೋ ಕಳಕೊಂಡವನ ಹಾಗೆ ನೆಲ ನೋಡುತ್ತಿದ್ದ ಮನುಷ್ಯ.

"ಕಾಕಾ, ಅಜ್ಜ ಯಾರ ಮನಿಗೆ ಸುಣ್ಣಾ ಹಚ್ಚಾಕ ಹೋಗಿದ್ದ?" ಅಮೋಲ ಅಜ್ಜನ ಕೈ ಎತ್ತಿ ತೋರಿಸಿದ. "ಮೈ ತೊಳದ್ರೂ ಉಗರಾಗಿನ ಸುಣ್ಣ ಹೋಗವಲ್ದು."

ಕುಂಥುನಾಥ ಕನ್ನಡಕ ಮೇಲೇರಿಸಿ ನೋಡಿದ. ಹುಪರಿಯ ಜೈನರವನು, ಧರಣದ, ಅಂದರೆ ಅಣೆಕಟ್ಟಿನ, ಆಫೀಸಿನಲ್ಲಿ ಕಾರಕೂನನಾಗಿದ್ದವನು, ಬಾಬಾಸಾಹೇಬನಿಗೆ ಉಳಿದಿದ್ದ ಒಬ್ಬನೇ ಗೆಳೆಯ. "ತನ್ನ ಮನಿಗೇ ಹತ್ತ ವರ್ಷದಿಂದ ಸುಣ್ಣಾ ಕಾಣಿಸಿಲ್ಲ ಅವ. ಯಾರಿಗೆ ಗೊತ್ತಪಾ. ನಿನ್ನೆ ಸಂಜಿ ಐದರ ಬಸ್ಸಿಗೆ ಧರಣದಿಂದ ಹತ್ಯಾನ. ವಸಾಹತ್ ಬಂತು ಇಳೀರಿ ಅಂತ ಕಂಡಕ್ಟರ್ ಅಲುಗಾಡಿಸಿದ್ರ ಇವ ಎಲ್ಲಿ ಇಳೀತಾನ." ಅವನು ಕ್ಯಾಲೆಂಡರನ್ನು ಗೋಡೆಗೆ ಒರಗಿಸಿಟ್ಟ.

ಕ್ಯಾಲೆಂಡರಿನ ಪ್ರತಿ ತಾರೀಖಿನ ಕೆಳಗೆ ಒಂದು ಸಂಖ್ಯೆ ಇತ್ತು. ಅಣೆಕಟ್ಟಿನ ನೀರು ಆ ದಿನ ಎಷ್ಟು ಮೀಟರಿಗೆ ನಿಂತಿದೆ ಎಂಬ ಲೆಕ್ಕ. ಬಾಬಾಸಾಹೇಬ ಇಪ್ಪತ್ತಮೂರು ವರ್ಷ ಸರ್ಕಾರಕ್ಕಾಗಿ ಅದನ್ನು ನೋಡಿ ಬರೆದ. ನಿವೃತ್ತಿಯಾದ ಮೇಲೆ ಅಲ್ಲೊಂದು ಯಂತ್ರ ಕೂತಿತು, ಆದರೂ ಇವನು ದಿನಾ ಬಸ್ಸು ಹತ್ತಿ ಹೋಗಿ ನೋಡಿ ಬಂದು ತನ್ನ ಗೋಡೆಯ ಮೇಲೆ ಬರೆದುಕೊಂಡ. ಅವನ ಎಂಟು ಬೇರೆ ಥರ. ಒಂದು ಸೊನ್ನೆ ಬರೆದು, ಕೈಯೆತ್ತಿ, ಅದರ ಮೇಲೆ ಮುಟ್ಟದ ಹಾಗೆ ಇನ್ನೊಂದು ಸೊನ್ನೆ ಇಡುತ್ತಿದ್ದ. ಮೊನ್ನೆಯ ಚೌಕದಲ್ಲಿ 672.80 ಎಂದಿತ್ತು. ನಿನ್ನೆಯದು ಖಾಲಿ.

ಮಣ್ಣಿಗೆ ಬಂದವರು ಹನ್ನೊಂದು ಜನ. ಮುಳುಗಿದ ಹುಣಸಿವಾಡಿಯವರಿಗೆ ಕಟ್ಟಿಕೊಟ್ಟ ಅರವತ್ತು ಮನೆಯ ವಸಾಹತಿನಲ್ಲಿ ನಲವತ್ತಕ್ಕೆ ಬೀಗ. ಕೆಲವರು ಇಚಲಕರಂಜಿಯ ಮಗ್ಗಕ್ಕೆ, ಕೆಲವರು ಹುಪರಿಯ ಬೆಳ್ಳಿ ಕೆಲಸಕ್ಕೆ, ಕೆಲವರು ಕೊಲ್ಹಾಪುರದ ಫೌಂಡ್ರಿಗೆ ಹೋಗಿದ್ದರು. ಇದ್ದವರಲ್ಲೂ ಬಾಬಾಸಾಹೇಬನ ಮನೆಗೆ ಬರುವವರು ಕಡಿಮೆ. ಅವನ ಹೆಸರು ಮಾತ್ರ ಎಲ್ಲರ ಬಾಯಲ್ಲಿತ್ತು. ಯಾರಾದರೂ ದೊಡ್ಡ ಭರವಸೆ ಕೊಟ್ಟರೆ, "ಇದೇನು ಬಾಬಾಸಾಹೇಬನ ಕಲ್ಲೋ?" ಎಂದು ಕೇಳುವುದು ವಸಾಹತಿನಲ್ಲಿ ರೂಢಿ. ಕೇಳಿದವರು ನಗುತ್ತಿದ್ದರು. ಆ ಕಲ್ಲು ಯಾವುದೆಂದು ಗೊತ್ತಿಲ್ಲದ ಮಕ್ಕಳೂ ನಗುತ್ತಿದ್ದರು.

ಎದುರು ಮನೆಯ ಕಟ್ಟೆಯ ಮೇಲೆ ಗುರುಸಿದ್ದವ್ವ ಬೆಳಗಿನಿಂದ ಕೂತಿದ್ದಳು. ಬಾಬಾಸಾಹೇಬನ ಅಕ್ಕ, ಅಮೋಲನ ಅಜ್ಜಿ, ಎಪ್ಪತ್ತೇಳು ವರ್ಷದವಳು. ಅವಳ ಮನೆ ಇಲ್ಲಿಂದ ಐದನೆಯ ಬಾಗಿಲು. ಆ ಐದು ಬಾಗಿಲು ದಾಟಿ ಅವಳು ತಮ್ಮನ ಮನೆಗೆ ಬಂದು ಮೂವತ್ನಾಲ್ಕು ವರ್ಷವಾಗಿತ್ತು. ಮಾತೂ ಅಷ್ಟೇ ವರ್ಷದಿಂದ ನಿಂತಿತ್ತು. ಬಾಬಾಸಾಹೇಬ ಮಾತ್ರ ದಿನಾ ಸಂಜೆ ಬಸ್ಸಿಳಿದು ಬರುವಾಗ ಅವಳ ಬಾಗಿಲ ಮುಂದೆ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದ. ದಿನಾ ಅದೇ ಜಾಗದಲ್ಲಿ ಸಡಿಲಾಗುವ ಬಾರು ಕೊಲ್ಹಾಪುರದ ಯಾವ ಚಪ್ಪಲಿಗೂ ಇರುವುದಿಲ್ಲ. ಗುರುಸಿದ್ದವ್ವ ಒಳಗಿನಿಂದ ನೋಡುತ್ತಿದ್ದಳು, ನೋಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹನ್ನೊಂದು ಗಂಟೆಗೆ ಪ್ರೇರಣಾ ಇಚಲಕರಂಜಿಯಿಂದ ಬಂದಳು. ಬಾಬಾಸಾಹೇಬನ ಒಬ್ಬಳೇ ಮಗಳು, ಅಲ್ಲಿ ಗಂಡನಿಗೆ ಎಂಟು ಮಗ್ಗ. ವರ್ಷಕ್ಕೆರಡು ಸಲ ಬಂದು ಅಪ್ಪನಿಗೆ ಒಂದು ಜೊತೆ ಅಂಗಿ ಕೊಟ್ಟು ಅದೇ ದಿನ ತಿರುಗಿ ಹೋಗುತ್ತಿದ್ದಳು. ಈಗ ಅಪ್ಪನ ಮುಂದೆ ಕೂತಳು, ಅಳಲಿಲ್ಲ. ಅವನ ಉಗುರನ್ನು ನೋಡಿ, ಸೆರಗಿನಿಂದ ಒಂದೊಂದಾಗಿ ಒರೆಸಲು ನೋಡಿದಳು.

"ಎಷ್ಟಕ್ಕ ಒಯ್ಯೋದ್ರಿ ಅಜ್ಜಾರ?" ಎಂದು ಮಠದ ಸ್ವಾಮಿಯನ್ನು ಕೇಳಿದಳು.

"ಎಲ್ಲಿಗೆ ಅನ್ನೋದು ಮೊದಲ ಆಗ್ಲಿ ತಂಗಿ," ಎಂದರು ಸ್ವಾಮಿ.

ಕುಂಥುನಾಥ ಗಂಟಲು ಸರಿಮಾಡಿಕೊಂಡ. "ಅವ ನನಗ ಹೇಳಿದ್ದ. ಹೆಣ್ತಿ ನಾಗೂಬಾಯಿ ಬಾಜೂಕ ಇಡ್ರಿ ಅಂತ. ಹಳೇ ಊರ ದಿಬ್ಬದಾಗ. ಈಗ ನೀರು ಇಳದಾವು, ದಿಬ್ಬ ಬೈಲಾಗೈತಿ."

"ಆಗಸ್ಟಿಗೆ?" ಎಂದಳು ಪ್ರೇರಣಾ.

ಕುಂಥುನಾಥ ಕನ್ನಡಕ ತೆಗೆದು ಒರೆಸಿಕೊಂಡ.

"ಆಗಸ್ಟಿಗೆ ಅಲ್ಲಿ ಏನಿರತೈತಿ ಕಾಕಾ? ನನ್ನ ಅವ್ವನ್ನ ಅಲ್ಲಿಟ್ಟು, ಇಲ್ಲಿಗೆ ನೀರು ಬರೂದಿಲ್ಲ ಅಂತ ಊರಿಗೆಲ್ಲಾ ಹೇಳಿದಾವ ಇವನ. ನನಗ ಆಗ ಎಂಟ ವರ್ಷ. ಅವ್ವನ ಮ್ಯಾಲ ನೀರು ಏರೂದನ್ನ ಗುಡ್ಡದಾಗ ನಿಂತು ನೋಡೇನಿ. ಇವನ್ನೂ ಅದರಾಗ ಇಟ್ಟು ಹೋಗ್ಲೇನು? ಬ್ಯಾಡ. ವಸಾಹತಿನ ರುದ್ರಭೂಮಿ ಐತಿ, ಅಲ್ಲೇ ಆಗ್ಲಿ."

"ದಿಬ್ಬಕ್ಕ ಒಯ್ರಿ."

ಎಲ್ಲರೂ ತಿರುಗಿದರು. ಗುರುಸಿದ್ದವ್ವ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಎಡಗಾಲು ಹೊಸ್ತಿಲ ಈಚೆ ಬಂದಿತ್ತು. ಆ ಕಾಲಿನ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಎಂದೋ ಜಜ್ಜಿಹೋಗಿ ಬೆರಳೇ ಚಪ್ಪಟೆಯಾಗಿತ್ತು.

"ಅತ್ತಿ, ನೀ ಹೇಳ್ತಿ ಇದನ್ನ?" ಪ್ರೇರಣಾಳ ದನಿ ಏರಿತು. "ಈ ಮಾತಿಗೇ ಅಲ್ಲೇನು ನೀ ಅವನ ಕೂಡ ಮಾತ ಬಿಟ್ಟಿದ್ದು? ನಿನ್ನ ಗಂಡನ ಮ್ಯಾಲೂ ನೀರು ಅದಾವಲ್ಲ."

"ಅದಾವ. ಅದಕ್ಕ ಹೇಳಾಕತ್ತೇನಿ. ಅಲ್ಲಿ ನಂದೊಂದು ಮಾತೈತಿ, ಅವಗ ಹೇಳೂದು. ನಿನಗೂ ಹೇಳೂದು."

ಸ್ವಾಮಿ ಅವಳ ಮುಖ ನೋಡಿದರು. "ಮಾತಿದ್ರ ಮಣ್ಣ ಕೊಡೂದರೊಳಗ ಆಡಿಬಿಡಬೇಕು ತಾಯಿ. ಹೊಟ್ಟ್ಯಾಗ ಇಟ್ಕೊಂಡು ಕೊಟ್ಟ ಮಣ್ಣು ಹೋದಾವ್ಗೂ ಭಾರ, ಇದ್ದಾವ್ಗೂ ಭಾರ."

"ಗೊತ್ತೈತ್ರಿ ಅಜ್ಜಾರ."

ಸತ್ತವನ ಜೊತೆಗೂ ಜಗಳ ತೀರಿಸಿಕೊಳ್ಳಲು ಹೊರಟಿದ್ದಾಳೆ ಮುದುಕಿ ಎಂದುಕೊಂಡಳು ಪ್ರೇರಣಾ. ಆದರೂ ಮನೆತನಕ್ಕೆ ಉಳಿದ ಹಿರಿಯಳು ಅವಳೊಬ್ಬಳೇ. "ನಿನ್ನ ಮಾತ ಮೀರೂದಿಲ್ಲ. ಹ್ಯಾಂಗ ಬೇಕಾದ್ರ ಹಂಗ ಮಾಡ್ರಿ," ಎಂದು ಅಪ್ಪನ ಕೈಯನ್ನು ಅವನ ತೊಡೆಯ ಮೇಲಿಟ್ಟಳು.

*

ಮೂವತ್ತೈದು ವರ್ಷದ ಹಿಂದೆ ಹುಣಸಿವಾಡಿಗೆ ಸರ್ವೆಯವರು ಬಂದಾಗ ಊರವರು ಅವರಿಗೆ ಚಹಾ ಕೊಟ್ಟರು. ಹೊಳೆಗೆ ಧರಣ ಬರುತ್ತದೆ, ನೀರಿನಿಂದ ಕರೆಂಟು ಹುಟ್ಟುತ್ತದೆ ಎಂದರು. ಹುಟ್ಟಿದ ಕರೆಂಟು ದೂರದ ಮಗ್ಗಗಳಿಗೆ ಹೋಯಿತು, ವಸಾಹತಿನಲ್ಲಿ ಆರು ವರ್ಷ ಚಿಮಣಿ ಎಣ್ಣೆಯೇ ಉರಿಯಿತು, ಅದು ಆಮೇಲಿನ ಮಾತು. ಆಗ ಅವರು ಗುಡ್ಡದ ಮೈಯುದ್ದಕ್ಕೂ ಕಲ್ಲು ನೆಟ್ಟು ಹೋದರು. ಮೊಣಕಾಲೆತ್ತರದ ಕಡೆದ ಕಲ್ಲು, ಪ್ರತಿಯೊಂದರ ಮೇಲೂ 688. ಇಥಪರ್ಯಂತ ಪಾಣಿ, ಎಂದ ಸರ್ವೆ ಸಾಹೇಬ. ಇಲ್ಲಿಯವರೆಗೆ ನೀರು.

ಗುರುಸಿದ್ದವ್ವನ ಗಂಡ ಸಿದಗೌಡನ ಹೊಲ ಊರ ಮೇಲಿನ ದಿಬ್ಬದಲ್ಲಿತ್ತು. ಕಲ್ಲು ಬಂದು ಕೂತದ್ದು ಹೊಲದ ಮೇಲಿನ ತಲೆಗೆ. ಅಂದರೆ ಹೊಲವೆಲ್ಲ ನೀರಿಗೆ. ಸಿದಗೌಡ ಮೂರು ದಿನ ಊಟ ಬಿಟ್ಟು ಆ ಕಲ್ಲಿನ ಸುತ್ತ ತಿರುಗಿದ. ಅವನಿಗೆ ಗೊತ್ತಿದ್ದ ಕಲ್ಲೆಂದರೆ ಬಾಂದಗಲ್ಲು. ಎರಡು ಹೊಲದ ನಡುವೆ ಕಲ್ಲು ಎಲ್ಲಿದೆಯೋ ಅಲ್ಲಿಗೆ ಗಡಿ. ಅದಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ, ಆದರೆ ಕಲ್ಲು ಹೇಳಿದ್ದನ್ನು ಯಾರೂ ಸುಳ್ಳೆನ್ನುವುದಿಲ್ಲ. ನೀರೂ ಹಾಗೇ ಎಂದುಕೊಂಡ ಅವನು.

"ಸರ್ಕಾರ ಕಲ್ಲ ನೋಡಿ ನೀರ ಬಿಡತೈತಿ," ಎಂದ ಹೆಂಡತಿಗೆ. "ಕಲ್ಲ ಕೆಳಗಿದ್ರ ನೀರೂ ಕೆಳಗ ನಿಂದರತಾವು. ಹೊಲಾ ಉಳೀತೈತಿ. ಬಾ, ಹಾರಿ ಹಿಡಿ."

ಬನ್ನಿ ಹಬ್ಬದ ಮಾರನೆಯ ದಿನ, ದನ ಮನೆಗೆ ಬರುವ ಹೊತ್ತಿನಲ್ಲಿ ಇಬ್ಬರೂ ಹಾರೆ ಹಾಕಿ ಕಲ್ಲು ಕಿತ್ತರು. ಉರುಳಿಸುತ್ತ ಹೊಲದ ಕೆಳಗಿನ ತಲೆಗೆ ತಂದು ನೆಟ್ಟರು. ಗುಡ್ಡದ ಮೂಗು ಅಡ್ಡ ಇದ್ದುದರಿಂದ ಆಚೆಯ ಕಲ್ಲುಗಳಿಗೂ ಇದಕ್ಕೂ ಕಣ್ಣಳತೆ ಸಿಗುತ್ತಿರಲಿಲ್ಲ. ಉರುಳುವಾಗ ಒಂದು ಸಲ ಕಲ್ಲು ಕೈ ಮೀರಿ ಗುರುಸಿದ್ದವ್ವನ ಕಾಲ ಮೇಲೆ ಹಾದುಹೋಯಿತು. ಬೀಸುಕಲ್ಲು ಬಿತ್ತು ಎಂದಳು ಕೇಳಿದವರಿಗೆ. ಓಡಿ ಬಂದು ಸುಣ್ಣ, ಅರಿಷಿಣ ಹಚ್ಚಿ ಕಟ್ಟಿದವನು ತಮ್ಮ ಬಾಬಾಸಾಹೇಬ. ಅವನಿಗಾಗ ಮೂವತ್ತೈದು. ಧರಣದ ಆಫೀಸಿನಲ್ಲಿ ನೀರಿನ ಮಟ್ಟ ನೋಡುವ ಕೆಲಸ ಹೊಸದಾಗಿ ಸಿಕ್ಕಿತ್ತು, ಖಾಕಿ ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

ಸಂಕ್ರಾಂತಿಯ ಹಿಂದೆಮುಂದೆ ಸಿದಗೌಡ ಎದೆ ಹಿಡಿದುಕೊಂಡು ಸತ್ತ. ಹೊಳೆದಂಡೆಯ ಹಳೆಯ ರುದ್ರಭೂಮಿ ಮೊದಲು ಮುಳುಗುವ ಜಾಗ. ಎಲ್ಲಿ ಇಡುವುದೆಂದು ಜನ ನಿಂತಾಗ ಬಾಬಾಸಾಹೇಬ ಖಾಕಿ ಅಂಗಿಯಲ್ಲಿ ಆ ಕಲ್ಲಿನ ಪಕ್ಕ ನಿಂತು ಹೇಳಿದ: "ಇಲ್ಲೇ ಹೊಲದಾಗ ಇಡ್ರಿ. ಈ ಕಲ್ಲಿನ ಮ್ಯಾಲ ಒಂದ ಹನಿ ಬರೂದಿಲ್ಲ. ನನ್ನ ಮಾತಲ್ಲ, ಸರ್ಕಾರದ ಕಲ್ಲಿನ ಮಾತು."

ಗುರುಸಿದ್ದವ್ವ ಆಗ ಬಾಯಿ ತೆರೆಯಬೇಕಿತ್ತು. ತೆರೆದರೆ ಗಂಡನ ಮಣ್ಣಿನ ದಿನವೇ ಊರು ಅವನನ್ನು ಕಳ್ಳನೆನ್ನುತ್ತಿತ್ತು. ಅಲ್ಲದೆ ನೀರು ಕಲ್ಲಿಗೇ ನಿಂತರೂ ನಿಂತೀತು ಎಂಬ ಆಸೆ ಅವಳಿಗೂ ಇತ್ತು. ಅವಳು ಸುಮ್ಮನಿದ್ದಳು. ಆ ಬೇಸಿಗೆಯಲ್ಲಿ ಬಾಬಾಸಾಹೇಬನ ಮಾತು ನಂಬಿ ಇನ್ನೂ ಐದು ಮನೆಯವರು ತಮ್ಮವರನ್ನು ಅಲ್ಲಿಟ್ಟರು. ಕೊನೆಗೆ ಮೇ ತಿಂಗಳಲ್ಲಿ ಕಾಮಾಲೆಯಾಗಿ ಸತ್ತ ನಾಗೂಬಾಯಿಯನ್ನು, ತನ್ನ ಸ್ವಂತ ಹೆಂಡತಿಯನ್ನು, ಬಾಬಾಸಾಹೇಬ ಅಲ್ಲೇ ಇಟ್ಟ.

*

ಅಮೋಲನ ಟೆಂಪೊ ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಬೆಲ್ಲ ಸಾಗಿಸುವಂಥದು. ಎಷ್ಟು ತೊಳೆದರೂ ಬೆಲ್ಲದ ವಾಸನೆ ಹೋಗಿರಲಿಲ್ಲ, ಹೂವಿನ ಮೇಲೆ ನೊಣ ಕೂರುತ್ತಿದ್ದವು. ಬಾಬಾಸಾಹೇಬ ಕುರ್ಚಿಯಲ್ಲಿ ಕೂತು, ಹಗ್ಗದಲ್ಲಿ ಬಿಗಿಸಿಕೊಂಡು, ಹೆಗಲಿಗೆ ಮಾಲೆ ಹಾಕಿಕೊಂಡು ಧರಣದ ಕಡೆಗೆ ಹೊರಟ. ದಿನಾ ಹೋಗುತ್ತಿದ್ದ ದಾರಿ. ಇಬ್ಬರು ತಾಳ ಹಾಕುತ್ತಿದ್ದರು. ಇಬ್ಬರಿಗೂ ವಯಸ್ಸಾಗಿತ್ತು, ದನಿ ಗಾಳಿಗೆ ಹೋಗಿಬಿಡುತ್ತಿತ್ತು. ಗುರುಸಿದ್ದವ್ವ ಮುಂದೆ ಅಮೋಲನ ಪಕ್ಕ ಕೂತಿದ್ದಳು. ಹಿಂದೆ ಪ್ರೇರಣಾ ಅಪ್ಪನ ಕುರ್ಚಿಯ ಕಾಲು ಹಿಡಿದಿದ್ದಳು, ಕುಂಥುನಾಥ ಅವಳ ಬದಿಗೆ.

"ನಾನು ಹೊತ್ತ ಮುಳುಗೂದರೊಳಗ ಉಣ್ಣಾವ. ಇಪ್ಪತ್ತಮೂರು ವರ್ಷ ಅವ ನನ್ನ ಕೂಡ ಹೊತ್ತ ಇರತನಾನ ಉಂಡ," ಎಂದ ಕುಂಥುನಾಥ. "ನಿನಗ ಯಾಕೋ ಈ ಉಪದ್ವ್ಯಾಪ, ನೀ ಏನು ಜೈನನೇನು ಅಂದ್ರ, ರಾತ್ರಿ ಒಬ್ಬನ ಉಣ್ಣಾಕ ಆಗೂದಿಲ್ಲೋ ಅಂತಿದ್ದ."

ಪ್ರೇರಣಾ ಕುರ್ಚಿಯ ಸಡಿಲಾದ ಹಗ್ಗ ಬಿಗಿದಳು.

"ಅವಗ ಹುಚ್ಚ ಹಿಡೀತೈತಿ ಅಂತ ಅಂಜಿದ್ದೆ ನಾ ಒಂದ ಸಲ. ತೊಂಬತ್ತೊಂದರ ಬ್ಯಾಸಗಿ. ನೀರು ಮೊದಲನೇ ಸಲ ಇಳದಿದ್ವು. ಮಧ್ಯಾಹ್ನದ ಲೆಕ್ಕಾ ಬರಿಯಾಕ ಬರಲೇ ಇಲ್ಲ. ಹುಡುಕ್ಯಾಡಿ ನೋಡಿದ್ರ ದಿಬ್ಬದ ಕಡಿಂದ ಬರಾಕತ್ತಿದ್ದ. ಅಂಗಿ ಹರದೈತಿ, ಹೆಗಲ ರಗತ ಆಗೈತಿ. ಏನಾತೋ ಅಂದೆ. ಒಂದ ಕಲ್ಲು ದಾರಿ ತಪ್ಪಿ ಬಂದಿತ್ತು, ಮನಿಗೆ ಮುಟ್ಟಿಸಿ ಬಂದೆ ಅಂದ. ಮತ್ತ ಒಂದ ಮಾತ ಹೇಳಲಿಲ್ಲ."

"ಅಂದ್ರ ಏನ್ರಿ?"

"ನನಗೇನ ತಿಳೀತೈತಿ ತಂಗಿ. ನಾ ಕಾರಕೂನ. ಅವ ಅಂದಿದ್ದು ಬರಕೊಂಡೇನಿ ತಲಿಯಾಗ, ಅಷ್ಟ."

ಅಣೆಕಟ್ಟಿನ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಮಾಡಿದ. ಕುರ್ಚಿಯಲ್ಲಿದ್ದವನನ್ನು ನೋಡಿ ಟೊಪ್ಪಿಗೆ ತೆಗೆದ. "ಅರೇ, ಬಾಬಾಸಾಹೇಬ. ಕಾಲ ತರ ಮಾಝ್ಯಾಬರೋಬರ ಚಹಾ ಘೇತಲಾ." ನಿನ್ನೆ ನನ್ನ ಜೊತೆ ಚಹಾ ಕುಡಿದನಲ್ಲ ಎಂದು ತನಗೇ ಹೇಳಿಕೊಳ್ಳುತ್ತ ಗೇಟು ತೆಗೆದ. ದಿಬ್ಬಕ್ಕೆ ಎಂದು ಗೊತ್ತಾದಾಗ, "ತಿಥಂ ಪಾಣಿ ಯೇಯೀಲ ನಾ," ಎಂದ. ಅಲ್ಲಿಗೆ ನೀರು ಬರುತ್ತದಲ್ಲ. ಬರತಾವ, ಎಂದಳು ಗುರುಸಿದ್ದವ್ವ ಕನ್ನಡದಲ್ಲೇ, ಟೆಂಪೊ ಮುಂದೆ ಹೋಯಿತು.

ಅಣೆಕಟ್ಟಿನ ಮೇಲೆ ಕೊಲ್ಹಾಪುರದಿಂದ ಬಂದ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಇದು ಬ್ಯಾಕ್‌ವಾಟರ್. ನೀರಿನ ಅಡಿಯಲ್ಲಿ ಅರವತ್ತು ಮನೆ, ಒಂದು ಮಠ, ಹುಣಸೆಮರದ ಸಾಲು ಇವೆ ಎಂದು ಯಾರು ಹೇಳಬೇಕು, ಯಾಕೆ ಹೇಳಬೇಕು. ಕೂತ ಹೆಣವನ್ನು ನೋಡಿ ಅವರು ಮೊಬೈಲು ಕೆಳಗಿಳಿಸಿದರು.

*

ತೊಂಬತ್ತರ ಜೂನಿನಲ್ಲಿ ಅಣೆಕಟ್ಟಿನ ಬಾಗಿಲು ಹಾಕಿದರು. ಹೊಳೆ ಮೊದಲು ತಿರುಗಿ ನೋಡಿತು, ಆಮೇಲೆ ಓಣಿಗೆ ಬಂತು. ಆಗಸ್ಟಿನಲ್ಲಿ ನೀರು ದಿಬ್ಬದ ಕಲ್ಲು ಮುಟ್ಟಿದ ದಿನ ಊರವರೆಲ್ಲ ಗುಡ್ಡದಲ್ಲಿ ನಿಂತಿದ್ದರು. ಬಾಬಾಸಾಹೇಬ ಎಲ್ಲರ ಮುಂದೆ, ಕಲ್ಲಿನ ಪಕ್ಕ. ನೀರು ಕಲ್ಲಿನ ಬುಡಕ್ಕೆ ಬಂತು. ಅವನು ನಕ್ಕು, ನೋಡ್ರಿ, ಎಂದ. ನೀರು ಅಕ್ಷರಕ್ಕೆ ಬಂತು. ಕಲ್ಲಿನ ತಲೆ ಮುಳುಗಿತು. ಅವನು ಹಿಂದೆ ಸರಿಯಲಿಲ್ಲ, ನೀರು ಅವನ ಮೊಣಕಾಲಿಗೆ ಬಂದಾಗ ಯಾರೋ ರಟ್ಟೆ ಹಿಡಿದು ಎಳೆದರು. ಇನ್ನೂ ಮೂರು ದಿನ ನೀರು ಏರಿತು. ಸಿದಗೌಡ, ಆಮೇಲಿನ ಐವರು, ಕೊನೆಗೆ ಎಲ್ಲಕ್ಕಿಂತ ಮೇಲಿದ್ದ ನಾಗೂಬಾಯಿ. ಗೋರಿಗಿಟ್ಟ ಪತ್ರಿ ಎಲೆ ತೇಲಿ ದಂಡೆಗೆ ಬಂದವು.

ಯಾರೂ ಅವನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಮುಗಿದುಹೋಗುತ್ತಿತ್ತೋ ಏನೋ. ಲಗ್ನಕ್ಕೆ ಕರೆಯುವುದನ್ನು ಬಿಟ್ಟರು, ಹೆಸರಿಡುವ ಬಾರಸೆಗೆ ಕರೆಯುವುದನ್ನು ಬಿಟ್ಟರು. ಮಗಳು ದೊಡ್ಡವಳಾದ ಮೇಲೆ ಒಂದು ಸಲ, ಅವ್ವನ್ನ ನೀರಾಗ ಹಾಕಿದಾವ ನೀನು, ಎಂದಳು. ಅವನು 'ಹೌದು' ಎಂದ. ಗುರುಸಿದ್ದವ್ವ ಮಾತು ಬಿಟ್ಟದ್ದು ಕೋಪಕ್ಕೆ ಎಂದೇ ಎಲ್ಲರೂ ತಿಳಿದರು. ಅವಳಿಗೆ ಕೋಪವಿರಲಿಲ್ಲ. ತಮ್ಮನ ಮುಖ ನೋಡಿದರೆ ನಿಜ ಬಾಯಿಗೆ ಬಂದುಬಿಡುತ್ತಿತ್ತು. ಒಂದು ವರ್ಷ ಹೋಗಲಿ ಎಂದುಕೊಂಡಳು. ಹತ್ತು ವರ್ಷವಾದ ಮೇಲೆ ಹೇಳಲು ಇನ್ನೂ ಕಷ್ಟವಾಯಿತು. ತನ್ನ ಪಾಲಿನ ಹಬ್ಬದೂಟವನ್ನು ಅವಳು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದಳು, ಯಾರದೆಂದು ಹೇಳಬೇಡಿ ಎನ್ನುತ್ತಿದ್ದಳು.

*

ದಿಬ್ಬದ ಮೇಲಿನ ಹೂಳು ಒಣಗಿ ಬಿರುಕು ಬಿಟ್ಟಿತ್ತು. ಒಂದು ಗೇಣು ಹೂಳು ಕೆದರಿದರೆ ಕೆಳಗೆ ಸಿದಗೌಡನ ಹೊಲದ ಕೆಂಪು ಮಣ್ಣು ಹಾಗೇ ಇತ್ತು. ಏಳು ಗೋರಿಗಳ ಸುತ್ತ ಕಲ್ಲು ಜೋಡಿಸಿತ್ತು. ಮಳೆಗಾಲದಲ್ಲಿ ನೀರು ಚೆಲ್ಲಾಡಿದ್ದನ್ನು ಬಾಬಾಸಾಹೇಬ ಪ್ರತಿ ಬೇಸಿಗೆ ತಿರುಗಿ ಜೋಡಿಸುತ್ತಿದ್ದ. ಮುಂಚೆಯೇ ಬಂದಿದ್ದ ನಾಲ್ವರು ನಾಗೂಬಾಯಿಯ ಬದಿಗೆ ಕುಣಿ ತೋಡಿ ಮುಗಿಸಿದ್ದರು.

ಕೆಳಗಿಳಿಸಿದರು. ಸ್ವಾಮಿ ಅವನ ಎಡ ಅಂಗೈಯಲ್ಲಿ ಲಿಂಗ ಇಟ್ಟು, ತಲೆಯ ಮೇಲೆ ಪಾದ ಮುಟ್ಟಿಸಿ, ಪತ್ರಿ, ವಿಭೂತಿ ಸುರಿದರು. ಪ್ರೇರಣಾ ಮೊದಲು ಮೂರು ಹಿಡಿ ಮಣ್ಣು ಕೊಟ್ಟಳು. ಆಮೇಲೆ ಗುರುಸಿದ್ದವ್ವ ಬಗ್ಗಿ ಒಂದು ಹಿಡಿ ತೆಗೆದುಕೊಂಡಳು, ಕೊಡಲಿಲ್ಲ, ಕುಣಿಯ ಅಂಚಿನಲ್ಲಿ ನಿಂತುಬಿಟ್ಟಳು.

"ಬಾಬೂ," ಎಂದಳು. ಮೂವತ್ನಾಲ್ಕು ವರ್ಷದಿಂದ ಆಡದ ಹೆಸರು ಅವಳ ಬಾಯಲ್ಲಿ ತಡವರಿಸಿತು. "ನೀ ತಪ್ಪ ಹೇಳಿರಲಿಲ್ಲೋ. ಕಲ್ಲಿದ್ದದ್ದನ್ನ ಹೇಳಿದಿ. ಆ ಕಲ್ಲ ನಾವು ಸರಿಸಿದ್ವಿ. ನಮ್ಮವರೂ ನಾನೂ. ಹೊಲಾ ಉಳೀತೈತಿ ಅಂತ ಮ್ಯಾಲಿಂದ ಕಿತ್ತು ಕೆಳಗ ತಂದು ನೆಟ್ಟಿದ್ವಿ. ನನ್ನ ಕಾಲ ಬೀಸುಕಲ್ಲಿಗೆ ಜಜ್ಜಿದ್ದಲ್ಲ. ನೀ ಸುಣ್ಣಾ ಹಚ್ಚಿ ಕಟ್ಟಿದೆಲ್ಲ, ಆವತ್ತ ಹೇಳಬೇಕಿತ್ತು. ಹೇಳಲಿಲ್ಲ."

ತಾಳ ಹಾಕುತ್ತಿದ್ದ ಮುದುಕರಲ್ಲಿ ಒಬ್ಬ, ಬಾಬಾಸಾಹೇಬನ ಕಲ್ಲಿನ ಮಾತನ್ನು ವಸಾಹತಿನಲ್ಲಿ ಮೊದಲು ಹುಟ್ಟಿಸಿದವನು, ಹೂಳಿನ ಬಿರುಕನ್ನೇ ನೋಡುತ್ತ ನಿಂತ. ಪ್ರೇರಣಾ ಮಾತ್ರ ಅತ್ತೆಯ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಅವ್ವನ್ನ ನೀರಾಗ ಹಾಕಿದಿ ಅಂದೇನಿ ನಾ ಅವಗ," ಎಂದಳು. "ಬಾಯಿ ಬಿಟ್ಟು ಅಂದೇನಿ. ಅವ ಹೌದು ಅಂದ. ನೀ ಐದ ಬಾಗಿಲದ ಆಚೆ ಇದ್ದಿ ಅತ್ತಿ. ಆವತ್ತ ನಿನಗ ಒಂದ ಮಾತ ಆಗಲಿಲ್ಲಾ?"

"ಆಗಲಿಲ್ಲ."

"ಈಗ ಯಾರಿಗೆ ಹೇಳ್ತಿ? ಅವಗ ಕೇಳಿಸತೈತೇನು?"

ಗುರುಸಿದ್ದವ್ವ ಹೊಲದ ಮೇಲಿನ ತಲೆಯ ಕಡೆ ಕೈ ತೋರಿಸಿದಳು. "ಕಲ್ಲ ಕಿತ್ತ ಕುಣಿ ತೋರಿಸ್ತೇನಿ ಬಾ," ಎಂದಳು. "ಕಣ್ಣಾರೆ ನೋಡು. ನೀ ನೋಡಿದ ಮ್ಯಾಲ ನಾ ಮಣ್ಣ ಕೊಡ್ತೇನಿ. ನನಗ ಸುಳ್ಳಾಡಿ ರೂಢಿ ಐತಿ, ಬರೇ ಮಾತ ನಂಬಬ್ಯಾಡ." ಹಿಡಿಮಣ್ಣನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹೊತ್ತು ಇಳ್ಯಾಕತ್ತೈತಿ," ಎಂದರು ಸ್ವಾಮಿ. "ನೀವು ಹೋಗಿ ಬರ್ರಿ. ಇವರು ಕುಣಿ ತುಂಬ್ಲಿ. ಹಿರ್ಯಾಕಿ ಮಣ್ಣು ಕಡೀಕ ಬಂದ್ರೂ ನಡೀತೈತಿ."

ಇಬ್ಬರೂ ಏರಿದರು. ಮುದುಕಿ ಜಜ್ಜಿದ ಕಾಲು ಓರೆಯಾಗಿಡುತ್ತ ಮುಂದೆ, ಪ್ರೇರಣಾ ಕೈ ಕೊಡದೆ ಹಿಂದೆ. ನೀರು ತಿಂದ ಬೋಳು ಮಣ್ಣಿನ ಪಟ್ಟಿ ಒಂದು ಕಡೆ ಮುಗಿಯಿತು, ಅಲ್ಲಿಂದ ಒಣಹುಲ್ಲು ಶುರು. ನೀರಿನ ಗಡಿ ಅದು. ಗುರುಸಿದ್ದವ್ವ ಅಲ್ಲಿ ನಿಂತಳು. ಒಂದು ಕುಣಿ ಇರಬೇಕಾದ ಜಾಗ. ಮೂವತ್ನಾಲ್ಕು ವರ್ಷದಲ್ಲಿ ಹೂತುಹೋಗಿರಬಹುದು, ಗುರುತಾದರೂ ಸಿಕ್ಕೀತು ಎಂದು ಬಂದಿದ್ದಳು.

ಕುಣಿ ಇರಲಿಲ್ಲ. ಕಲ್ಲು ಇತ್ತು.

ಮೊಣಕಾಲೆತ್ತರದ ಕಲ್ಲು, ನಿನ್ನೆ ಮೊನ್ನೆ ಸುಣ್ಣ ಕಂಡದ್ದು. ಬುಡದಲ್ಲಿ ತೆಂಗಿನ ಕರಟ, ಅದರಲ್ಲಿ ಒಣಗಿದ ಸುಣ್ಣ, ಕತ್ತಾಳೆ ನಾರಿನ ಕುಂಚ. ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಅಂಕಿ ತಿದ್ದಿತ್ತು. ಪ್ರೇರಣಾ ಅದರ ಮುಂದೆ ಕುಕ್ಕರಿಸಿದಳು. 688. ಎರಡೂ ಎಂಟುಗಳಲ್ಲಿ ಒಂದರ ಮೇಲೊಂದು ಸೊನ್ನೆ, ಒಂದಕ್ಕೊಂದು ಮುಟ್ಟಿರಲಿಲ್ಲ.

"ಇದು ಬ್ಯಾರೆ ಕಲ್ಲು," ಎಂದಳು ಗುರುಸಿದ್ದವ್ವ. ಆಮೇಲೆ ಅದರ ಬಲ ಮೂಲೆ ನೋಡಿದಳು. ಉರುಳಿಸುವಾಗ ಸಿದಗೌಡನ ಹಾರೆ ತಾಗಿ ಚಕ್ಕೆ ಎದ್ದ ಮೂಲೆ ಅದು. ಆ ಸಣ್ಣ ತಗ್ಗಿಗೂ ಸುಣ್ಣ ತುಂಬಿತ್ತು.

"ಕಾಕಾ ಹೇಳಿದ್ರು," ಎಂದಳು ಪ್ರೇರಣಾ ಮೆಲ್ಲಗೆ. "ಮೊದಲನೇ ಬ್ಯಾಸಗ್ಯಾಗ, ನೀರು ಇಳದಾಗ, ದಾರಿ ತಪ್ಪಿದ ಕಲ್ಲನ್ನ ಮನಿಗೆ ಮುಟ್ಟಿಸಿ ಬಂದೇನಿ ಅಂದಿದ್ನಂತ. ಹೆಗಲ ಮ್ಯಾಲ ಹೊತ್ಕೊಂಡು ಬಂದಾನ. ಇಲ್ಲಿ ಖಾಲಿ ಕುಣಿ ನೋಡಿ, ತಾನ ಕಟ್ಟಿದ ನಿನ್ನ ಕಾಲ ನೆನಸ್ಯಾನ. ಅವಗ ಗೊತ್ತಿತ್ತು ಅತ್ತಿ. ಮೊದಲನೇ ವರ್ಷದಿಂದನ ಗೊತ್ತಿತ್ತು."

ಗುರುಸಿದ್ದವ್ವ ಕಲ್ಲಿನ ಎರಡೂ ಬದಿಗೆ ಕೈ ಹಚ್ಚಿ ಕೂತುಬಿಟ್ಟಳು. ಅವಳ ಗಂಡನ ಹೆಸರು ಕೆಡಬಾರದೆಂದು, ಅವಳು ಊರಲ್ಲಿ ತಲೆ ಎತ್ತಿ ನಡೆಯಲೆಂದು ಅವನು ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡಿದ್ದ. ಹಾಕಿಕೊಂಡು ದಿನಾ ಸಂಜೆ ಅವಳ ಬಾಗಿಲಿಗೆ ಬಂದು ನಿಂತಿದ್ದ.

"ಚಪ್ಪಲಿ ಸರಿಮಾಡ್ಕೋತಿದ್ದ," ಎಂದಳು. "ದಿನಾ ನಿಂದರತಿದ್ದ ಪ್ರೇರಣಾ. ನಾ ಇವತ್ತರ ಹೇಳ್ತೇನೇನೋ ಅಂತ ಕಾಯತಿದ್ದ. ನಾ ಬಾಗಿಲಾ ಹಾಕ್ಕೋತಿದ್ದೆ." ಆಗ ಅವಳಿಗೆ ಅಳು ಬಂತು. ಗಂಡ ಸತ್ತಾಗಲೂ, ಗಂಡನ ಗೋರಿ ಮುಳುಗಿದಾಗಲೂ ಇಷ್ಟು ಅತ್ತಿರಲಿಲ್ಲ. ಪ್ರೇರಣಾ ಸ್ವಲ್ಪ ಹೊತ್ತು ದೂರ ನಿಂತು ಕೆಳಗಿನ ನೀರನ್ನು ನೋಡಿದಳು. ಆಮೇಲೆ ಬಂದು ಅತ್ತೆಯ ರಟ್ಟೆಗೆ ಕೈ ಹಾಕಿ ಎಬ್ಬಿಸಿದಳು.

"ಏಳು. ಮಣ್ಣ ಕೊಡೂದೈತಿ."

ಕೆಳಗೆ ಕುಣಿ ತುಂಬಿತ್ತು. ಹೂಳೂ ಕೆಂಪು ಮಣ್ಣೂ ಕಲಸಿ ದಿಣ್ಣೆ ಮಾಡಿ, ನೀರು ಚಿಮುಕಿಸಿ, ಸಲಿಕೆಯಿಂದ ಬಡಿದು ಸಾಪು ಮಾಡಿದ್ದರು. ಗುರುಸಿದ್ದವ್ವ ಸೆರಗಿನ ಗಂಟು ಬಿಚ್ಚಿ ಮಣ್ಣು ಸುರಿದಳು. ಎರಡನೆಯ ಹಿಡಿ, ಮೂರನೆಯ ಹಿಡಿ. ಆಮೇಲೆ ಮಗುವಿನ ಬೆನ್ನು ಒತ್ತುವ ಹಾಗೆ ಎರಡೂ ಅಂಗೈಗಳನ್ನು ದಿಣ್ಣೆಯ ಮೇಲಿಟ್ಟು ಒತ್ತಿದಳು. ತೆಗೆದಾಗ ಒದ್ದೆ ಮಣ್ಣಿನ ಮೇಲೆ ಕಲ್ಲಿನ ಸುಣ್ಣ ಎರಡು ಬಿಳಿ ಕೈಯಾಗಿ ಮೂಡಿತ್ತು.

ಅಮೋಲ ಸಲಿಕೆ ಎತ್ತಿಕೊಂಡು ಅದನ್ನು ಸಾಪು ಮಾಡಲು ಹೋದ.

"ಇರ್ಲಿ ಬಿಡು," ಎಂದಳು ಪ್ರೇರಣಾ. "ಮಳಿ ಬರೂತನಾ ಇರ್ಲಿ."